ಹಾಸನದಲ್ಲಿ ಖಾಸಗಿ ಥೆರಪಿ: ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಆತಂಕ, ಪ್ಯಾನಿಕ್ ಎಂಬ ದಿಢೀರ್ ವಿಪರೀತ ಗಾಬರಿ, ಹಗುರ ಇಲ್ಲವೇ ಮಧ್ಯಮ ಹಂತದ ಖಿನ್ನತೆ, ಗೀಳು, ಮನೆಯವರನ್ನು ಕಳೆದುಕೊಂಡ ದುಃಖ, ಗಂಡ ಹೆಂಡಿರ ನಡುವೆ ಮಾತು ನಿಂತುಹೋಗಿರುವುದು, ಇಂಥವಕ್ಕೆ ಖಾಸಗಿ ಥೆರಪಿ ದುಡ್ಡು ಕೊಟ್ಟು ತೆಗೆದುಕೊಳ್ಳಬೇಕಾದ ಸೇವೆಯೇ. ಎದುರು ಕೂತವರ ಓದು ಏನೆಂದು ಕೇಳಿ ತಿಳಿದಿರಬೇಕು. ಕನಿಷ್ಠ ನಾಲ್ಕು ಸಿಟ್ಟಿಂಗ್ ಹೋಗುವ ಮನಸ್ಸು ಮಾಡಿರಬೇಕು. ಒಂದೇ ಸಲ ಹೋಗಿ ಬಂದು "ಬರೀ ಮಾತಾಡಿಸಿ ಕಳಿಸಿದ್ರು, ಒಂದು ಮಾತ್ರೆನೂ ಬರೀಲಿಲ್ಲ" ಎನ್ನುವವರಿಗೆ ಇದು ದಂಡದ ಖರ್ಚು.

ಬೋರ್ಡಿನ ವಿಷಯ ಮೊದಲು. ಕೆ.ಆರ್. ಪುರಂ ಆಗಲಿ ಸಾಲಗಾಮೆ ರಸ್ತೆಯಾಗಲಿ, ಬೋರ್ಡಿನ ಮೇಲೆ 'ಮನಃಶಾಸ್ತ್ರಜ್ಞ', 'ಆಪ್ತ ಸಮಾಲೋಚಕ', 'ಥೆರಪಿಸ್ಟ್' ಎಂದೆಲ್ಲ ಬರೆದಿರುತ್ತದೆ. ಇವೆಲ್ಲ ಒಂದೇ ಅಲ್ಲ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಆದ ಮೇಲೆ ಮನೋವೈದ್ಯದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದ ಡಾಕ್ಟರು. ಮಾತ್ರೆ ಬರೆಯುವ ಅಧಿಕಾರ ಇವರಿಗೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಅದೇ ವಿಷಯದಲ್ಲಿ ಎಂ.ಫಿಲ್ ಅಥವಾ ಅದಕ್ಕೆ ಸಮನಾದ ತರಬೇತಿ ಮುಗಿಸಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಜನ ಹೇಳುವಂತೆ ಆರ್‌ಸಿಐಯಲ್ಲಿ, ನೋಂದಣಿ ಆದವರು. ಅವರ ಹತ್ತಿರ ಸಿಆರ್‌ಆರ್ ಎಂಬ ನೋಂದಣಿ ನಂಬರ್ ಇರುತ್ತದೆ, ಕೇಳಿದರೆ ಕೊಡಬೇಕು, ಪರಿಷತ್ತಿನ ಜಾಲತಾಣದಲ್ಲಿ ಹೆಸರು ಹುಡುಕಿ ನೋಡಬಹುದು. ಕೌನ್ಸೆಲರ್ ಎಂಬ ಪದಕ್ಕೆ ಮಾತ್ರ ಬೇಲಿಯಿಲ್ಲ. ಎಂಎಸ್‌ಸಿ ಸೈಕಾಲಜಿ, ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿ ಹಿರಿಯರ ಕೈಕೆಳಗೆ ವರ್ಷಗಟ್ಟಲೆ ಪಳಗಿದ ಒಳ್ಳೆಯ ಕೌನ್ಸೆಲರ್‌ಗಳು ಇದ್ದಾರೆ. ಮೂರು ತಿಂಗಳ ಸರ್ಟಿಫಿಕೇಟು ಗೋಡೆಗೆ ನೇತುಹಾಕಿದವರೂ ಇದ್ದಾರೆ. ಹೆಸರಿನ ಮುಂದಿನ 'ಡಾ.' ಪಿಎಚ್‌ಡಿಯದೂ ಇರಬಹುದು, ಅದನ್ನು ನೋಡಿ ಮಾತ್ರೆಯ ಡಾಕ್ಟರೆಂದು ತಿಳಿಯಬೇಡಿ.

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ಫೋನಿನಲ್ಲೇ ಅರ್ಧ ಪರೀಕ್ಷೆ ಮುಗಿಸಬಹುದು. ಏನು ಓದಿದ್ದೀರಿ, ನನ್ನಂಥ ತೊಂದರೆಗೆ ಯಾವ ಬಗೆಯ ಥೆರಪಿ ಮಾಡುತ್ತೀರಿ, ಸಿಟ್ಟಿಂಗ್ ಎಷ್ಟು ನಿಮಿಷ, ಫೀಸು ಎಷ್ಟು, ಬರಲಾಗದಿದ್ದರೆ ಎಷ್ಟು ಮುಂಚೆ ತಿಳಿಸಬೇಕು, ತೀರಾ ಕಷ್ಟವಾದ ದಿನ ಯಾರಿಗೆ ಫೋನ್ ಮಾಡಬೇಕು. ಇಷ್ಟಕ್ಕೆ ನೇರ ಉತ್ತರ ಬಂದರೆ ಹೋಗಿ. "ಬನ್ನಿ, ಬಂದ ಮೇಲೆ ಹೇಳ್ತೀವಿ" ಅಂದರೆ ಇನ್ನೊಂದು ಕಡೆ ಕೇಳಿ. "ಮೂರೇ ಸಿಟ್ಟಿಂಗ್‌ನಲ್ಲಿ ಗ್ಯಾರಂಟಿ", "ಹಿಂದಿನ ಜನ್ಮದ ದೋಷ ತೆಗೆಯುತ್ತೇವೆ" ಎಂಬ ಮಾತು ಕಿವಿಗೆ ಬಿದ್ದರೆ ಫೋನ್ ಇಟ್ಟುಬಿಡಿ. ಹತ್ತು ಸಿಟ್ಟಿಂಗ್‌ನ ದುಡ್ಡು ಮುಂಗಡ ಕೇಳುವ ಪ್ಯಾಕೇಜೂ ಬೇಡ. ನಾಲ್ಕನೆಯದರಲ್ಲಿ ಬಿಡಬೇಕೆನಿಸಿದರೆ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ವಾರಕ್ಕೊಮ್ಮೆ ಬೆಂಗಳೂರಿಂದಲೋ ಮೈಸೂರಿಂದಲೋ ಬಂದುಹೋಗುವವರಾದರೆ ಆ ಒಂದು ದಿನ ತಪ್ಪಿದರೆ ಏನು ವ್ಯವಸ್ಥೆ ಎಂದು ಕೇಳಿಕೊಳ್ಳಿ.

ಅರಕಲಗೂಡು, ಸಕಲೇಶಪುರ, ಅರಸೀಕೆರೆ ಕಡೆಯಿಂದ ಬಸ್ಸಿನಲ್ಲಿ ಬರುವವರು ಹನ್ನೊಂದರಿಂದ ಮೂರು ಗಂಟೆಯೊಳಗಿನ ಹೊತ್ತು ಕೇಳುವುದು ಒಳ್ಳೆಯದು. ಸಂಜೆಯ ಹೊತ್ತು ಕೊಟ್ಟರೆ ಊರಿನ ಬಸ್ಸಿನ ಚಿಂತೆಯಲ್ಲೇ ಕೊನೆಯ ಕಾಲುಗಂಟೆ ಹೋಗುತ್ತದೆ, ಮುಖ್ಯವಾದ ಮಾತು ಬಾಯಿಗೆ ಬರುವುದು ಸಾಮಾನ್ಯವಾಗಿ ಆ ಕೊನೆಯ ಕಾಲುಗಂಟೆಯಲ್ಲೇ. ಹಾಸನಾಂಬೆ ಬಾಗಿಲು ತೆರೆದ ದಿನಗಳಲ್ಲಂತೂ ಪಟ್ಟಣದೊಳಗೆ ನುಗ್ಗುವುದೇ ಸಾಹಸ. ಆ ವಾರದ್ದನ್ನು ಫೋನಿನಲ್ಲೇ ಇಟ್ಟುಕೊಳ್ಳಿ.

ಜಾಗದ ಬಗ್ಗೆ ನಮ್ಮದು ಕಟ್ಟುನಿಟ್ಟಿನ ಅಭಿಪ್ರಾಯ. ಎಸಿ, ಸೋಫಾ, ಗೋಡೆಯ ಮೇಲಿನ ಸೂಕ್ತಿಗಳಿಗೆ ಅಂಕವಿಲ್ಲ. ಒಳಗಿನ ಮಾತು ಹೊರಗೆ ಕೇಳಿಸುತ್ತದೆಯೇ ಎಂಬುದಕ್ಕೆ ಪೂರ್ತಿ ಅಂಕ. ಬಾಡಿಗೆ ಉಳಿಸಲು ಒಂದೇ ರೂಮನ್ನು ಪ್ಲೈವುಡ್ಡಿನಿಂದ ಎರಡು ಮಾಡಿದ ಕಡೆ ಕಾಯುವ ಬೆಂಚಿನಲ್ಲಿ ಕೂತವರಿಗೆ ಒಳಗಿನ ಅಳು ಕೇಳಿಸುತ್ತದೆ. ಹಾಸನ ದೊಡ್ಡ ಊರೇನಲ್ಲ; ಬೆಂಚಿನಲ್ಲಿ ಪಕ್ಕದ ಬೀದಿಯವರೋ ಮಗಳ ಕಾಲೇಜಿನ ಮೇಷ್ಟ್ರೋ ಕೂತಿರುವ ಸಾಧ್ಯತೆ ಇದ್ದೇ ಇದೆ. ಒಬ್ಬರು ಹೋದ ಮೇಲೆ ಇನ್ನೊಬ್ಬರು ಬರುವ ನಡುವೆ ಹತ್ತು ನಿಮಿಷ ಬಿಡುವ, ಹೆಸರು ಕೂಗದೆ ಹತ್ತಿರ ಬಂದು ಕರೆಯುವ ಕಡೆಯೇ ಜನರ ಕಷ್ಟ ಗೊತ್ತಿರುವ ಜಾಗ.

ಮೊದಲ ಸಿಟ್ಟಿಂಗ್ ಬಹುಪಾಲು ಪ್ರಶ್ನೆಗಳದ್ದು. ಒಂದು ಫಾರಂ ತುಂಬಿಸುತ್ತಾರೆ: ಹೆಸರು, ವಯಸ್ಸು, ತುರ್ತಿಗೆ ಯಾರ ನಂಬರ್. ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾರೆ, ಓದಿಯೇ ಹಾಕಿ. ಗುಟ್ಟು ಕಾಪಾಡುವುದು ಅವರ ದಾಕ್ಷಿಣ್ಯದ ಮಾತಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಮು ಅದನ್ನು ನಿಮ್ಮ ಹಕ್ಕು ಎನ್ನುತ್ತದೆ. ಅದಕ್ಕೂ ಮಿತಿಗಳಿವೆ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಕಂಡರೆ, ಕೋರ್ಟು ಆದೇಶ ಮಾಡಿದರೆ, ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದು ತಿಳಿದರೆ ಅವರು ಸುಮ್ಮನಿರುವಂತಿಲ್ಲ. ಕೊನೆಯದನ್ನು ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಕಡ್ಡಾಯ. ಈ ಮಿತಿಗಳನ್ನು ಅವರಾಗಿಯೇ ಮೊದಲ ದಿನ ಬಿಡಿಸಿ ಹೇಳಿದರೆ ಒಳ್ಳೆಯ ಲಕ್ಷಣ.

ಆಮೇಲೆ ಪ್ರಶ್ನೆಗಳು. ಯಾವಾಗಿನಿಂದ, ನಿದ್ದೆ ಹೇಗೆ, ಊಟ ಸೇರುತ್ತದೆಯೇ, ಕುಡಿತ ಇದೆಯೇ, ಮನೆಯಲ್ಲಿ ಯಾರ್ಯಾರು, ಮುಂಚೆ ಮಾತ್ರೆ ತೆಗೆದುಕೊಂಡಿದ್ದಿರಾ, ಸಾಯಬೇಕು ಅನ್ನಿಸಿದೆಯೇ. ಕೊನೆಯ ಪ್ರಶ್ನೆಗೆ ಮನೆಯವರು ಗಾಬರಿಬೀಳುತ್ತಾರೆ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಕೇಳದೆ ಬಿಡುವವರೇ ಅಪಾಯ. ನಮ್ಮ ಕಡೆಯ ಜನ "ಮನಸ್ಸು ಸರಿಯಿಲ್ಲ" ಅನ್ನುವುದು ಕಡಿಮೆ. ಎದೆ ಡವಡವ, ಕೈಕಾಲು ಜೋಮು, ಗ್ಯಾಸ್ಟ್ರಿಕ್, ತಲೆ ಭಾರ ಅನ್ನುತ್ತಾರೆ. ಅದನ್ನು ಹಾಗೆಯೇ ಹೇಳಿ, ಪುಸ್ತಕದ ಪದ ಹುಡುಕಬೇಡಿ. ಆದರೆ ಎದೆಯ ತೊಂದರೆಗೆ ಒಂದು ಇಸಿಜಿ, ಸುಸ್ತು ಮತ್ತು ಬೇಸರಕ್ಕೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಮುಂಚೆಯೇ ಆಗಿದ್ದರೆ ಒಳ್ಳೆಯದು. ಥೈರಾಯ್ಡ್ ಕಡಿಮೆಯಾಗಿದ್ದರೂ ಖಿನ್ನತೆಯಂತೆಯೇ ಕಾಣುತ್ತದೆ. ಈ ರಿಪೋರ್ಟುಗಳ ಜತೆ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ತೆಗೆದುಕೊಂಡು ಹೋಗಿ.

ಒಂದು ಹಾಳೆಯೂ ಕೈಗೆ ಬರಬಹುದು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಎಂಬುದರಲ್ಲಿ ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. 10 ಮುಟ್ಟಿದರೆ ಮಧ್ಯಮ, 15 ಮುಟ್ಟಿದರೆ ಅದಕ್ಕಿಂತ ಹೆಚ್ಚು, 20 ಮುಟ್ಟಿದರೆ ತೀವ್ರ. ಆತಂಕಕ್ಕೆ ಜಿಎಡಿ-7, ಒಟ್ಟು 21 ಅಂಕ. ಎರಡೂ ಕನ್ನಡದಲ್ಲಿವೆ. ಇಂಗ್ಲಿಷಿನದ್ದು ಕೊಟ್ಟು "ಅಂದಾಜಿನಲ್ಲಿ ಟಿಕ್ ಮಾಡಿ" ಅಂದರೆ ಕನ್ನಡದ್ದು ಕೇಳಿ, ಅಂದಾಜಿನ ಟಿಕ್ಕಿಗೆ ಬೆಲೆಯಿಲ್ಲ. ಆ ಅಂಕವೇ ರೋಗದ ಹೆಸರಲ್ಲ, ಆದರೆ ಆರು ವಾರದ ಮೇಲೆ ಅದೇ ಹಾಳೆ ತುಂಬಿಸಿದಾಗ ಇಳಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಹಾಳೆಯನ್ನು ಮತ್ತೆ ಕೊಡದೆ "ನೀವು ಚೆನ್ನಾಗಿ ಕಾಣ್ತಿದ್ದೀರಿ" ಎಂದಷ್ಟೇ ಹೇಳುವ ಥೆರಪಿಸ್ಟ್‌ಗೆ ನಾವು ಅರ್ಧ ಅಂಕ ಕಳೆಯುತ್ತೇವೆ.

ಜತೆಗೆ ಬಂದವರದ್ದೇ ದೊಡ್ಡ ತಾಪತ್ರಯ. ಅತ್ತೆ, ಗಂಡ, ಅಣ್ಣ, ಯಾರಾದರೊಬ್ಬರು ಒಳಗೂ ಬಂದು ಕೂತು, ಕೇಳಿದ ಪ್ರಶ್ನೆಗೆಲ್ಲ ತಾವೇ ಉತ್ತರ ಕೊಡುತ್ತಾರೆ. ಮನೆಯವರ ಹತ್ತಿರ ಹತ್ತು ನಿಮಿಷ ಕೇಳಿ, ಮಿಕ್ಕ ಹೊತ್ತು ಅವರನ್ನು ಹೊರಗೆ ಕೂರಿಸುವುದು ಸರಿಯಾದ ಕ್ರಮ. "ಏನಂದ್ಲು ಅಂತ ಸ್ವಲ್ಪ ಹೇಳಿ ಮೇಡಂ" ಎಂದು ಹಿಂದಿನಿಂದ ಫೋನ್ ಮಾಡುವ ಮನೆಯವರಿಗೆ ಎಲ್ಲವನ್ನೂ ಒಪ್ಪಿಸುವವರ ಹತ್ತಿರ ಮತ್ತೆ ಹೋಗಬೇಡಿ.

ಎರಡು ಮೂರನೆಯ ಸಿಟ್ಟಿಂಗ್‌ನಿಂದ ಕೆಲಸ ಶುರು. ಇಲ್ಲಿ ಹೆಚ್ಚಾಗಿ ಸಿಗುವುದು ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದಿಕೊಳ್ಳಲು ಕಲಿಸುವ ಥೆರಪಿ; ವಾರಕ್ಕೊಮ್ಮೆ, 45ರಿಂದ 60 ನಿಮಿಷ, ಸಾಮಾನ್ಯವಾಗಿ 6ರಿಂದ 20 ಸಿಟ್ಟಿಂಗ್. "ಸಮಾಧಾನ ಬೇಕು" ಎಂಬ ಗುರಿ ಕೆಲಸಕ್ಕೆ ಬಾರದು. "ವಾರದಲ್ಲಿ ಐದು ದಿನ ಆರೂವರೆಗೆ ಎದ್ದು ಕೊಟ್ಟಿಗೆ ಕೆಲಸಕ್ಕೆ ಇಳಿಯಬೇಕು" ಎಂಬುದು ಅಳೆಯಬಹುದಾದ ಗುರಿ. ಖಿನ್ನತೆಗಾದರೆ ದಿನಕ್ಕೆ ಎರಡು ಮೂರು ಸಣ್ಣ ಕೆಲಸ ಗೊತ್ತುಮಾಡಿ, ಮಾಡಿದ ಮೇಲೆ ಖುಷಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಬರೆಯಲು ಹೇಳುತ್ತಾರೆ. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದರೆ ಮನಸ್ಸು ಬರುವುದೇ ಇಲ್ಲ. ಮಾಡಿದ ಮೇಲೆ ಬರುತ್ತದೆ. ಇಡೀ ವಿಧಾನ ನಿಂತಿರುವುದು ಇದರ ಮೇಲೆ.

ಭಯಕ್ಕೆ ಮೆಟ್ಟಿಲು ಕಟ್ಟುತ್ತಾರೆ. ಬಸ್ಸಿನಲ್ಲಿ ಒಮ್ಮೆ ಪ್ಯಾನಿಕ್ ಆಗಿ ಆಮೇಲೆ ಬಸ್ಸೇ ಹತ್ತದವರನ್ನು ತೆಗೆದುಕೊಳ್ಳಿ. ಮೊದಲು ಹೊಸ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಕೂರುವುದು, ಆಮೇಲೆ ಆಲೂರಿನವರೆಗೆ ಜತೆಗೊಬ್ಬರಿದ್ದು, ಆಮೇಲೆ ಒಬ್ಬರೇ, ಆಮೇಲೆ ಸಕಲೇಶಪುರ, ಕಡೆಗೆ ಶಿರಾಡಿ ಘಾಟಿ ಇಳಿಯುವುದು. ಒಂದೊಂದು ಮೆಟ್ಟಿಲನ್ನೂ ಭಯ ಅರ್ಧಕ್ಕೆ ಇಳಿಯುವವರೆಗೆ ಬಿಡಬಾರದು, ಮತ್ತೆ ಮತ್ತೆ ಮಾಡಬೇಕು. ಜನ ತಪ್ಪುವುದು ಇಲ್ಲೇ. ಎದೆ ಹೊಡೆದುಕೊಂಡ ತಕ್ಷಣ ನಡುವೆ ಇಳಿದುಬಿಡುತ್ತಾರೆ. ಇಳಿದ ಕ್ಷಣ ಸಿಗುವ ಹಾಯೆನಿಸುವಿಕೆ "ಇಳಿದಿದ್ದಕ್ಕೇ ಬದುಕಿದೆ" ಎಂಬ ಪಾಠವನ್ನು ತಲೆಯಲ್ಲಿ ಗಟ್ಟಿಮಾಡುತ್ತದೆ. ಜೇಬಿನಲ್ಲಿ ಮಾತ್ರೆ, ಕೈಯಲ್ಲಿ ನೀರಿನ ಬಾಟಲಿ, ಕಿವಿಯಲ್ಲಿ ಹೆಂಡತಿಯ ಫೋನು ಇಟ್ಟುಕೊಂಡೇ ಎಲ್ಲ ಮೆಟ್ಟಿಲು ಹತ್ತಿದವರದ್ದೂ ಇದೇ ಕತೆ. ಈ ಆಸರೆಗಳನ್ನು ಒಂದೊಂದಾಗಿ ಬಿಡಿಸುವುದೂ ಥೆರಪಿಸ್ಟ್ ಕೆಲಸ.

ಬುದ್ಧಿವಾದವೇ ಥೆರಪಿ ಎಂದುಕೊಂಡವರು ಎರಡೂ ಕಡೆ ಇದ್ದಾರೆ. "ಯೋಚನೆ ಮಾಡಬೇಡಿ, ದೇವರಿದ್ದಾನೆ, ಹೊಂದಿಕೊಂಡು ಹೋಗಿ" ಎಂದು ಮುಕ್ಕಾಲು ಗಂಟೆ ಹೇಳಿ ಫೀಸು ತೆಗೆದುಕೊಂಡರೆ, ಅದನ್ನು ಮನೆಯ ಹಿರಿಯರು ಪುಕ್ಕಟೆ ಕೊಡುತ್ತಾರೆ. ಮಾತಿನ ಲೆಕ್ಕ ಹಾಕಿ: ಹೆಚ್ಚು ಹೊತ್ತು ನೀವು ಮಾತಾಡಿರಬೇಕು.

ಅರ್ಧದಲ್ಲಿ ಬಿಡುವವರು ಬಹುಮಟ್ಟಿಗೆ ಮೊದಲ ಕೆಲವು ವಾರಗಳಲ್ಲೇ ಬಿಡುತ್ತಾರೆ. ಮುಚ್ಚಿಟ್ಟಿದ್ದನ್ನು ಹೇಳಿ ಅತ್ತ ಮೇಲೆ ಒಂದೆರಡು ದಿನ ಜೀವ ಇನ್ನಷ್ಟು ಭಾರವಾಗಬಹುದು. ಆಗ "ಇದರಿಂದ ಜಾಸ್ತಿ ಆಯ್ತು" ಎಂದು ನಿಲ್ಲಿಸುತ್ತಾರೆ. ಹಾಗಾಗಿದ್ದನ್ನು ಮುಂದಿನ ವಾರ ಅಲ್ಲೇ ಹೇಳಬೇಕು, ವೇಗ ತಗ್ಗಿಸುತ್ತಾರೆ. ಇನ್ನು ಕೆಲವರು ಮೊದಲ ಸಲದ ಹಗುರವನ್ನೇ ವಾಸಿ ಎಂದುಕೊಳ್ಳುತ್ತಾರೆ. ಕಾಫಿ ಕೊಯ್ಲು ಬಂದರೆ ಮಲೆನಾಡಿನ ತಾಲ್ಲೂಕಿನವರು ಎರಡು ತಿಂಗಳು ಕಾಣುವುದೇ ಇಲ್ಲ. ಅವರಿಗೆ ಆ ಅವಧಿಗೆ ವಿಡಿಯೊ ಕರೆಯ ಏರ್ಪಾಡು ಸರಿ. ತೋಟದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಹಾಗಾಗಿ ಕರೆ ಕಡಿದರೆ ಯಾರು ಯಾರಿಗೆ ಮತ್ತೆ ಮಾಡಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಮನೆಯಲ್ಲಿ ಏಕಾಂತ ಸಿಗದಿದ್ದರೆ ನಿಲ್ಲಿಸಿದ ಕಾರಿನಲ್ಲಿ ಇಯರ್‌ಫೋನ್ ಹಾಕಿ ಕೂರಬಹುದು.

ಫೀಸಿನ ಲೆಕ್ಕ ಒಟ್ಟಾರೆ ಹಾಕಿ. ಸಿಟ್ಟಿಂಗ್‌ಗೆ 800 ರೂಪಾಯಿ ಎಂದು ಹಿಡಿದರೂ ಹತ್ತಕ್ಕೆ 8,000; ಬಸ್ಸು, ಊಟ, ಹೋದ ದಿನದ ಕೂಲಿ ಬೇರೆ. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು 2017ರ ಕಾಯ್ದೆ ಹೇಳಿದೆ, ನಿಜ. ಆದರೆ ಬಹುತೇಕ ಪಾಲಿಸಿಗಳು ಕೊಡುವುದು ಆಸ್ಪತ್ರೆಗೆ ಸೇರಿದಾಗ. ಹೊರರೋಗಿ ಖರ್ಚು ಸೇರಿಸಿದ ಪಾಲಿಸಿ ಇಲ್ಲದಿದ್ದರೆ ಕೌನ್ಸೆಲಿಂಗ್ ಬಿಲ್ಲು ಕೈಯಿಂದಲೇ. ರಸೀದಿ ಮಾತ್ರ ತಪ್ಪದೆ ಕೇಳಿ.

ದುಡ್ಡಿಲ್ಲದಿದ್ದರೆ ಬಾಗಿಲು ಮುಚ್ಚಿಲ್ಲ. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ, ಜನರ ಬಾಯಲ್ಲಿ ಹಿಮ್ಸ್‌ನಲ್ಲಿ, ಮನೋವೈದ್ಯ ವಿಭಾಗ ಇದೆ. ಅಲ್ಲಿ ಕಾಯಬೇಕು, ಮುಕ್ಕಾಲು ಗಂಟೆಯ ಮಾತು ಸಿಗುವುದು ಕಷ್ಟ, ಆದರೆ ಪರೀಕ್ಷೆ ಮತ್ತು ಔಷಧಕ್ಕೆ ಅದೇ ಸರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಅಕ್ಟೋಬರ್ 2022ರಿಂದ ನಡೆಯುತ್ತಿದೆ, ಹಗಲೂ ರಾತ್ರಿ, ಉಚಿತ, ಕನ್ನಡದಲ್ಲಿ.

ಖಾಸಗಿ ಥೆರಪಿಸ್ಟ್ ಹತ್ತಿರ ಹೋಗಲೇಬಾರದ ಸಂದರ್ಭಗಳಿವೆ, ಮೊದಲು ಮನೋವೈದ್ಯರು ಬೇಕಾದವು. ಕಿವಿಗೆ ಇಲ್ಲದ ದನಿ ಕೇಳುವುದು, ಎಲ್ಲರ ಮೇಲೂ ಸಂಶಯ, ದಿನಗಟ್ಟಲೆ ನಿದ್ದೆಯಿಲ್ಲದೆಯೂ ಅತಿ ಉತ್ಸಾಹ, ಹೆರಿಗೆಯಾದ ವಾರಗಳಲ್ಲಿ ತಾಯಿಯ ನಡವಳಿಕೆ ಪೂರ್ತಿ ಬದಲಾಗುವುದು, ಸಾಯುವ ಯೋಜನೆ ಮಾಡಿಟ್ಟಿರುವುದು. ದಿನಾ ಕುಡಿಯುವವರು ಕೌನ್ಸೆಲಿಂಗ್ ಹುಮ್ಮಸ್ಸಿನಲ್ಲಿ ಒಂದೇ ದಿನಕ್ಕೆ ನಿಲ್ಲಿಸಿದರೆ ಕೈ ನಡುಕದಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗಬಹುದು; ಡಾಕ್ಟರ ಕಣ್ಗಾವಲಿನಲ್ಲೇ ನಿಲ್ಲಿಸಬೇಕು. ಖಿನ್ನತೆಯ ಮಾತ್ರೆಯದ್ದೂ ಹಾಗೆಯೇ. ಗುಣ ತೋರಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಥೆರಪಿ ಶುರುವಾಯಿತೆಂದು ತಾವೇ ಬಿಟ್ಟರೆ ತಲೆಸುತ್ತು, ಶಾಕ್ ಹೊಡೆದಂಥ ಅನುಭವ, ಸಿಡಿಮಿಡಿ ಕಾಣಿಸಿಕೊಳ್ಳಬಹುದು. ಮಾತ್ರೆ ಬಿಡಿ ಎನ್ನುವ ಹಕ್ಕು ಕೌನ್ಸೆಲರ್‌ಗಿಲ್ಲ.

ನಾಲ್ಕನೆಯ ಸಿಟ್ಟಿಂಗ್ ಮುಗಿದಾಗ ಲೆಕ್ಕ ನೋಡಿ. ಏನು ತೊಂದರೆ ಎಂಬುದನ್ನು ನಿಮಗೆ ಅರ್ಥವಾಗುವ ಕನ್ನಡದಲ್ಲಿ ವಿವರಿಸಿದ್ದಾರೆಯೇ, ಬರೆದಿಟ್ಟ ಗುರಿ ಇದೆಯೇ, ಕೊಟ್ಟ ಮನೆಕೆಲಸವನ್ನು ಮುಂದಿನ ವಾರ ವಿಚಾರಿಸುತ್ತಾರೆಯೇ. ವಾಸಿಯಾಗಿರಬೇಕಿಲ್ಲ, ದಾರಿ ಕಂಡಿರಬೇಕು. ಕಾಣದಿದ್ದರೆ ಅವರಿಗೇ ಹೇಳಿ. ಒಳ್ಳೆಯವರು ಮುನಿಸಿಕೊಳ್ಳದೆ ವಿಧಾನ ಬದಲಿಸುತ್ತಾರೆ, ಇಲ್ಲವೇ ಬೇರೆಯವರಿಗೆ ಪತ್ರ ಬರೆದುಕೊಡುತ್ತಾರೆ.

ಮುಗಿಸುವುದೂ ಒಮ್ಮೆಗೇ ಅಲ್ಲ. ವಾರಕ್ಕೊಮ್ಮೆ ಇದ್ದದ್ದನ್ನು ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ ಇಳಿಸಿ, ಕೊನೆಯ ಸಿಟ್ಟಿಂಗ್‌ನಲ್ಲಿ ಒಂದು ಹಾಳೆ ಬರೆಸಿಕೊಳ್ಳಿ: ಮರುಕಳಿಸುವಾಗ ಮೊದಲು ಕಾಣುವ ಗುರುತು ಯಾವುದು, ಆಗ ಮಾಡಬೇಕಾದ್ದೇನು, ಎಷ್ಟು ದಿನದಲ್ಲಿ ಕಡಿಮೆಯಾಗದಿದ್ದರೆ ಮತ್ತೆ ಬರಬೇಕು. ಬೆಂಗಳೂರಿಗೋ ಮಂಗಳೂರಿಗೋ ಕೆಲಸಕ್ಕೆ ಹೋಗುವವರು ಚಿಕಿತ್ಸೆಯ ಸಾರಾಂಶ ಪತ್ರವನ್ನೂ ಅದೇ ದಿನ ಕೇಳಿ ಪಡೆಯಬೇಕು. ಹೊಸ ಊರಿನಲ್ಲಿ ಮೊದಲ ಸಿಟ್ಟಿಂಗ್‌ನ ಪ್ರಶ್ನೆಗಳೂ ಫೀಸೂ ಅಷ್ಟರಮಟ್ಟಿಗೆ ಉಳಿಯುತ್ತವೆ.