ಡ್ರಿಲ್ ಬ್ಯಾಟರಿಗೆ ಸೆಲ್ ಹಾಕಿಸುವ ಮುಂಚೆ ಸ್ವಲ್ಪ ತಡೆಯಿರಿ

ಸೆಲ್ ಬದಲಾಯಿಸಿ ಕೊಟ್ಟ ಡ್ರಿಲ್ ಬ್ಯಾಟರಿಯೊಂದು ಗಿರಾಕಿಯ ಮನೆಯಲ್ಲೇ ಹೊಗೆ ಕಾರಿತು. ನಮ್ಮದು ಕಿಚನ್ ಕಬೋರ್ಡ್ ಕೆಲಸ. ಬ್ಯಾಟರಿ ಚಾರ್ಜರ್ ಮೇಲಿತ್ತು, ಚಾರ್ಜರ್ ಹೊಸ ಗ್ರಾನೈಟ್ ಮೇಲಿತ್ತು. ಮೊದಲು ಸೀಮೆಎಣ್ಣೆಗೂ ನೇಲ್ ಪಾಲಿಷ್‌ಗೂ ನಡುವಿನ ಒಂದು ವಾಸನೆ, ಆಮೇಲೆ ಸುಯ್ ಅಂತ ಸದ್ದು. ನಮ್ಮ ಹುಡುಗ ಸ್ವಿಚ್ ಆರಿಸಿ, ಪ್ಲೈ ತುಂಡಲ್ಲಿ ಅದನ್ನು ಬಾಲ್ಕನಿಗೆ ತಳ್ಳಿ ಬಕೆಟ್‌ಗಟ್ಟಲೆ ನೀರು ಸುರಿದ. ಯಾರಿಗೂ ಏನೂ ಆಗಲಿಲ್ಲ. ಗ್ರಾನೈಟ್‌ಗೆ ಅಂಟಿದ ಕರಿ ಕಲೆ ಮಾತ್ರ ಹೋಗಿಲ್ಲ.

ಅದು 18 ವೋಲ್ಟ್ ಬ್ಯಾಟರಿ. ಹಳೇದಾಗಿ ಚಾರ್ಜ್ ತಗೊಳ್ಳುವುದನ್ನೇ ನಿಲ್ಲಿಸಿತ್ತು. ಕಂಪನಿಯ ಹೊಸದಕ್ಕೆ ಐದು ಸಾವಿರದ ಹತ್ತಿರ. ಪೇಟೆಯ ರಿಪೇರಿ ಅಂಗಡಿಯವನು ಸಾವಿರದೈನೂರಕ್ಕೆ ಒಪ್ಪಿಕೊಂಡ. "ಎಲ್ಲಾ ಹೊಸ ಸೆಲ್ ಸಾರ್, ಕಂಪನಿಗಿಂತ ಜಾಸ್ತಿ ಬಾಳಿಕೆ ಬರತ್ತೆ" ಅಂದ. ವಾಪಸ್ ಬಂದ ಮೇಲೆ ಸ್ಕ್ರೂ ಹಾಕುವಾಗ ಚೆನ್ನಾಗಿಯೇ ಇತ್ತು. ಹಿಂಜ್‌ಗೆ 35 ಎಂಎಂ ಬಿಟ್ ಹಾಕಿ ಒತ್ತಿದರೆ ಮಾತ್ರ ಡ್ರಿಲ್ ಅರ್ಧಕ್ಕೇ ನಿಲ್ಲುತ್ತಿತ್ತು, ಬ್ಯಾಟರಿ ಕೈಲಿ ಹಿಡಿಯಲಾಗದಷ್ಟು ಬಿಸಿ.

ಅದೇ ಅಂಗಡಿಯಲ್ಲಿ ಮಾಡಿಸಿದ ಇನ್ನೊಂದು ಬ್ಯಾಟರಿ ನಮ್ಮ ಬಳಿ ಇತ್ತು. ಅದನ್ನು ಎಲೆಕ್ಟ್ರಾನಿಕ್ಸ್ ಬಲ್ಲ ಗೆಳೆಯನೊಬ್ಬ ಬಿಚ್ಚಿ ತೋರಿಸಿದ. ನಮ್ಮ ಈ 18 ವೋಲ್ಟ್ ಬ್ಯಾಟರಿಯೊಳಗೆ ಸಾಲಾಗಿ ಐದು ಜೊತೆ, ಒಟ್ಟು ಹತ್ತು 18650 ಸೆಲ್ (18 ಎಂಎಂ ದಪ್ಪ, 65 ಎಂಎಂ ಉದ್ದದ ಲಿಥಿಯಂ ಸೆಲ್). ಮೇಲೆ ಫಳಫಳ ಹೊಳೆಯುವ ನೀಲಿ ಕವಚ. ಬ್ಲೇಡಲ್ಲಿ ಸೀಳಿದರೆ ಅಡಿಯಲ್ಲಿ ಇನ್ನೊಂದು, ಮಾಸಿದ ಗುಲಾಬಿ ಕವಚ! ಸೆಲ್ಲಿನ ತಳದಲ್ಲಿ ಹಳೇ ವೆಲ್ಡಿಂಗ್ ಚುಕ್ಕಿಗಳನ್ನು ಉಜ್ಜಿ ತೆಗೆದ ಗೀರು. ಯಾವುದೋ ಲ್ಯಾಪ್‌ಟಾಪ್‌ನಿಂದ ಕಿತ್ತ ಮಾಲು. ಅದರಲ್ಲೂ ಎರಡು ಸೆಲ್ ನಮ್ಮ ಹಳೇವೇ, ಬದಲಾಯಿಸಿಯೇ ಇರಲಿಲ್ಲ. ಸೆಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿಗಳನ್ನು ಸ್ಪಾಟ್ ವೆಲ್ಡ್ (ಕ್ಷಣಮಾತ್ರ ಕರೆಂಟ್ ಹಾಯಿಸಿ ಚುಕ್ಕಿಯಾಗಿ ಬೆಸೆಯುವುದು) ಮಾಡುವ ಬದಲು ಅಂಗಡಿಯವನು ಸೋಲ್ಡರ್ ಸುರಿದು ಅಂಟಿಸಿದ್ದ. ಆ ಶಾಖಕ್ಕೆ ಸೆಲ್ ಒಳಗೇ ಕೆಡುತ್ತದೆ. ಪಾಸಿಟಿವ್ ಕಡೆ ಇರಬೇಕಾದ ಕಾಗದದ ಉಂಗುರವೂ ಇಲ್ಲ. ಸೆಲ್ಲಿನ ಮೈಯೆಲ್ಲ ನೆಗೆಟಿವ್, ಆ ಉಂಗುರ ಇಲ್ಲದಿದ್ದರೆ ಕವಚ ಸವೆದ ದಿನ ಶಾರ್ಟ್.

ಲ್ಯಾಪ್‌ಟಾಪ್ ಸೆಲ್ ನಿಧಾನಕ್ಕೆ ಕರೆಂಟ್ ಕೊಡಲೆಂದು ಮಾಡಿದ್ದು. ನಾಲ್ಕೈದು ಆಂಪ್ ದಾಟಿದರೆ ಅದಕ್ಕೆ ಏದುಸಿರು. ಡ್ರಿಲ್ ಜೋರಾಗಿ ಒತ್ತಿದಾಗ ಇಪ್ಪತ್ತು ಆಂಪ್‌ಗೂ ಮೇಲೆ ಎಳೆಯುತ್ತದೆ. ಆ ಬಿಸಿ ಬಂದದ್ದು ಅಲ್ಲಿಂದ. ಚಾರ್ಜಿಂಗ್‌ನಲ್ಲಿ ಇನ್ನೊಂದು ಅಪಾಯ. ಕೆಲವು ಬ್ಯಾಟರಿಗಳಲ್ಲಿ ಚಾರ್ಜರ್ ಒಟ್ಟು 21 ವೋಲ್ಟ್ ಆಯಿತಾ ಅಂತಷ್ಟೇ ನೋಡುತ್ತದೆ. ಒಂದು ಜೊತೆ ಸೊರಗಿದ್ದರೆ ಯಾವುದೋ ಒಂದು ಜೊತೆ ತನ್ನ 4.2 ವೋಲ್ಟ್ ಮಿತಿ ಮೀರಿ ಏರುತ್ತಾ ಹೋಗುತ್ತದೆ. ಹಳೇದು ಹೊಸದು ಬೆರೆಸಿದರೆ ಆಗುವುದು ಇದೇ.

ಚಾರ್ಜರ್ ಒಪ್ಪದ ಬ್ಯಾಟರಿಗೆ ಇನ್ನೊಂದು ಬ್ಯಾಟರಿಯಿಂದ ತಂತಿ ಎಳೆದು "ಕಿಕ್" ಕೊಡುವ ವಿಡಿಯೋಗಳು ಬೇಕಾದಷ್ಟಿವೆ. ಸೆಲ್ 2 ವೋಲ್ಟ್‌ಗಿಂತ ಕೆಳಗೆ ತುಂಬಾ ದಿನ ಬಿದ್ದಿದ್ದರೆ ಒಳಗಿನ ತಾಮ್ರ ಕರಗಿರಬಹುದು. ಮತ್ತೆ ಚಾರ್ಜ್ ಮಾಡಿದಾಗ ಅದು ಎಲ್ಲೆಲ್ಲೋ ಹೋಗಿ ಕೂತು ಒಳಗೇ ಶಾರ್ಟ್ ಆಗಬಹುದು. ಚಾರ್ಜರ್ ಬೇಡ ಅಂದಿದ್ದು ಸುಮ್ನೆ ಅಲ್ಲ. ಹಳೇ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗೆ ಲಿಥಿಯಂ ಸೆಲ್ ತುಂಬಿ ಹಳೇ ಚಾರ್ಜರ್‌ನಲ್ಲೇ ಚಾರ್ಜ್ ಮಾಡಿ ಅನ್ನುವವರೂ ಇದ್ದಾರೆ. ಅವರ ಹತ್ತಿರ ಸುಳಿಯಲೇಬೇಡಿ.

ರಿಪೇರಿಯೇ ಬೇಡ ಅನ್ನುತ್ತಿಲ್ಲ. ಚೆನ್ನಾಗಿ ಮಾಡುವವರೂ ಇದ್ದಾರೆ. ಎಲ್ಲಾ ಸೆಲ್ ಒಂದೇ ಮಾಡೆಲ್ಲಾ, ಒಂದೊಂದು ಎಷ್ಟು ಆಂಪ್ ತಡೆಯುತ್ತದೆ, ಸ್ಪಾಟ್ ವೆಲ್ಡಾ ಅಂತ ಕೇಳಿ. ಮುಚ್ಚುವ ಮುಂಚೆ ಪ್ರತಿ ಜೊತೆಯ ವೋಲ್ಟೇಜ್ ಮೀಟರ್‌ನಲ್ಲಿ ತೋರಿಸಲು ಹೇಳಿ. 18650 ಸೆಲ್ ಮೇಲೆ 9,900 ಎಂಎಎಚ್ ಅಂತ ಇದ್ದರೆ ಅದು ಶುದ್ಧ ಸುಳ್ಳು, ಒಳ್ಳೆಯ ಕಂಪನಿಯದ್ದೂ ಸಾಮಾನ್ಯವಾಗಿ 3,600ರ ಆಸುಪಾಸಿಗೇ ನಿಲ್ಲುತ್ತದೆ. ನಮ್ಮ ಅಂಗಡಿಯವನು ಬಿಲ್ಲೇ ಕೊಟ್ಟಿರಲಿಲ್ಲ. ಕೇಳಲು ಹೋದರೆ "ನೀವು ಜಾಸ್ತಿ ಒತ್ತಿರಬೇಕು ಸಾರ್" ಅಂದ. ಗ್ರಾನೈಟ್ ದುಡ್ಡು ನಮ್ಮ ಲೆಕ್ಕಕ್ಕೇ ಬಿತ್ತು.

ಕೆಟ್ಟ ಬ್ಯಾಟರಿಯನ್ನು ಕಸದ ಗಾಡಿಗೆ ಮಾತ್ರ ಹಾಕಬೇಡಿ. ಗಾಡಿಯಲ್ಲಿ ಕಸ ಒತ್ತುವಾಗ ಅಲ್ಲೇ ಹೊತ್ತಿಕೊಳ್ಳಬಹುದು. ಟರ್ಮಿನಲ್‌ಗೆ ಇನ್ಸುಲೇಷನ್ ಟೇಪ್ ಸುತ್ತಿ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ಅದನ್ನು ಮಾರುಕಟ್ಟೆಗೆ ತಂದ ಕಂಪನಿಗಳದ್ದೇ.