ಮೂರು ಪೆಡಲ್, ಒಂದು ಮಿಡ್ ಗುಂಡಿ

ಬಾಸ್ (Boss) ಕಂಪನಿಯ ಮೆಟಲ್ ಝೋನ್ ಅನ್ನೋ ಪೆಡಲ್, ಅಂದರೆ ಗಿಟಾರ್ ಸದ್ದನ್ನು ಒರಟಾಗಿಸುವ (ಡಿಸ್ಟಾರ್ಶನ್) ಕಾಲಡಿಯ ಡಬ್ಬ, ಅದರ ಹೆಸರೆತ್ತಿದರೆ ಗಿಟಾರ್ ನುಡಿಸುವವರು ನಗುತ್ತಾರೆ. ಡಬ್ಬದೊಳಗೆ ಜೇನುನೊಣ ಬಿಟ್ಟ ಹಾಗೆ ಕೇಳುತ್ತೆ ಅನ್ನುತ್ತಾರೆ. ನಾನೂ ನಕ್ಕವನೇ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತಗೊಂಡೆ, ಎರಡೇ ತಿಂಗಳಲ್ಲಿ ಮಾರಲು ಹೊರಟೆ. ಈಗ ಯಾವ ಪೆಡಲ್ ತಗೊಳ್ಳಲಿ ಅಂತ ನನ್ನಂಥವರು ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ.

ತಪ್ಪು ನನ್ನದೇ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ರಾತ್ರಿ ಪುಟ್ಟ 10 ವಾಟ್ ಆಂಪ್ಲಿಫೈಯರ್ (ಆಂಪ್) ಕೂಡ ಪಿಸುಗುಡಬೇಕು, ಇಲ್ಲದಿದ್ದರೆ ಪಕ್ಕದ ಮನೆ ಕಾಕು (ಆಂಟಿ) ಗೋಡೆ ಬಡಿಯುತ್ತಾರೆ. ಅಷ್ಟು ಸಣ್ಣ ಸದ್ದಿನಲ್ಲಿ ಮಿಡ್ (ನಡುವಿನ ಸ್ವರಗಳು) ಪೂರ್ತಿ ಇಳಿಸಿ, ಬಾಸ್ (ಕೆಳಗಿನವು), ಟ್ರೆಬಲ್ (ಮೇಲಿನವು) ಏರಿಸಿದರೆ ಎಷ್ಟು ಚಂದ! ಡಿಸ್ಟಾರ್ಶನ್ನೂ ಫುಲ್.

ಹಾಗೇ ಠಾಣೆಯ ಒಂದು ಜ್ಯಾಮ್ ರೂಮಿಗೆ (ತಂಡವಾಗಿ ಅಭ್ಯಾಸ ಮಾಡುವ ಜಾಗ) ಹೋದೆವು. ಡ್ರಮ್ಸ್ ಶುರುವಾಯಿತು, ನನ್ನ ಗಿಟಾರ್ ಮಾಯ. ಆಂಪ್ ಏರಿಸಿದೆ. ಗುಂಯ್ ಅನ್ನೋದು ಜಾಸ್ತಿಯಾಯಿತೇ ಹೊರತು ರಿಫ್ (ಮತ್ತೆ ಮತ್ತೆ ಬರುವ ಸ್ವರದ ತುಣುಕು) ಕೇಳಲಿಲ್ಲ. ಬಾಸ್ ಗಿಟಾರ್ ನುಡಿಸುವ ಗೆಳೆಯ ಕಾರ್ಕಳದವನು, "ಮಾರಾಯಾ, ನುಡಿಸ್ತಾ ಇದ್ದೀಯಾ, ಸುಮ್ನೆ ನಿಂತಿದ್ದೀಯಾ?" ಅಂದ. ಕೆಳಗಿನ ಸ್ವರಗಳ ಜಾಗ ಅವನದು ಮತ್ತು ಕಿಕ್ ಡ್ರಮ್ಮಿನದು. ಮೇಲಿನದು ಸಿಂಬಲ್‌ನದು. ಗಿಟಾರಿಗೆ ಉಳಿಯೋದು ನಡುವಿನದು. ಅದನ್ನೇ ನಾನು ಕಿತ್ತು ಹಾಕಿದ್ದೆ.

ಮೆಟಲ್ ಝೋನ್‌ನಲ್ಲಿ ಮಿಡ್‌ಗೆ ಒಂದರ ಮೇಲೊಂದು ಕೂತ ಎರಡು ಗುಂಡಿಗಳಿವೆ. ಒಂದು ಎಷ್ಟು ಅನ್ನೋದಕ್ಕೆ, ಇನ್ನೊಂದು ಎಲ್ಲಿ ಅನ್ನೋದಕ್ಕೆ: 200 ಹರ್ಟ್ಝ್‌ನಿಂದ 5 ಕಿಲೋಹರ್ಟ್ಝ್‌ವರೆಗೆ. ಕೂದಲೆಳೆಯಷ್ಟು ತಿರುಗಿಸಿದರೂ ಪೆಡಲ್ಲೇ ಬದಲಾದಂತೆ ಕೇಳುತ್ತದೆ. ಮೂರು ವಾರ ಅದರಲ್ಲೇ ಹೋಯಿತು. ಕೊನೆಗೆ ಮಿಡ್ ನಡುವಿಗಿಂತ ಕೊಂಚ ಮೇಲೆ, ಡಿಸ್ಟಾರ್ಶನ್ ಕಾಲು ಭಾಗ. ಮನೆಯಲ್ಲಿ ಕೇಳಿದರೆ ಮೂಗಿನಿಂದ ಹಾಡಿದ ಹಾಗಿತ್ತು. ಆದರೆ ಜ್ಯಾಮ್ ರೂಮಿನಲ್ಲಿ ಡ್ರಮ್ಮರ್ ತಲೆ ಎತ್ತಿ ನೋಡಿದ.

ಈ ನಡುವೆ ಎರಡು ಪೆಡಲ್ ಎರವಲು ತಂದಿದ್ದೆ. ಎಚ್‌ಎಂ-2 ಅನ್ನೋ ಮೊದಲನೆಯದೂ ಬಾಸ್ (Boss) ಕಂಪನಿಯದೇ, 1983ರಲ್ಲಿ ಬಂದದ್ದು. 1991ರಲ್ಲಿ ನಿಂತುಹೋಗಿ, ಈಗ ವಾಝಾ ಕ್ರಾಫ್ಟ್ ಹೆಸರಿನಲ್ಲಿ ಮತ್ತೆ ಬಂದಿದೆ. ಸ್ವೀಡನ್ನಿನ ಎಂಟೂಂಬ್ಡ್ ಮೆಟಲ್ ತಂಡದವರ ಹಾಗೆ ನಾಲ್ಕೂ ಗುಂಡಿ ಫುಲ್ ತಿರುಗಿಸಿದರೆ ಮರ ಕೊಯ್ಯುವ ಮಿಷನ್ ಸದ್ದು. ರೋಮಾಂಚನ! ಆದರೆ ಒಂದೇ ರುಚಿ. ದಿನಾ ಬಿಸಿಬೇಳೆಬಾತ್ ತಿನ್ನೋಕಾಗುತ್ತಾ? ಬೆಲೆಯಂತೂ ಬಾಡಿಗೆ ಮನೆಯವನಿಗೆ ಆಗದ ಮಾತು.

ರ‍್ಯಾಟ್ ಅನ್ನೋ ಎರಡನೆಯದು 1970ರ ದಶಕದ ಗಟ್ಟಿ ಡಬ್ಬ, ಮೂರೇ ಗುಂಡಿ. ಫಿಲ್ಟರ್ ಬಲಕ್ಕೆ ತಿರುಗಿಸಿದರೆ ಟ್ರೆಬಲ್ ಇಳಿಯುತ್ತದೆ, ನಾನು ಪ್ರತಿಸಲ ಉಲ್ಟಾ ತಿರುಗಿಸಿದೆ. ಒಳ್ಳೆಯ ವಾಲ್ವ್ (ಗಾಜಿನ ಟ್ಯೂಬ್ ಇರುವ) ಆಂಪ್ ಇದ್ದವರು ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ.

ನನ್ನ ಹತ್ತಿರ ಅದಿಲ್ಲವಲ್ಲ. ಲೋಕಲ್ ಟ್ರೇನ್‌ನಲ್ಲಿ ಗಿಟಾರ್ ಒಂದನ್ನು ಹೊತ್ತು ಹತ್ತುವುದೇ ಸಾಹಸ, ಆಂಪ್ ಎಲ್ಲಿ ಒಯ್ಯಲಿ? ವಾರಕ್ಕೊಂದು ರೂಮು, ರೂಮಿಗೊಂದು ಆಂಪ್. ಆ ಆಂಪ್ ಹೇಗೇ ಇರಲಿ, ನಡುವಿನ ಸ್ವರವನ್ನು ನಾನೇ ಕಾಲಡಿಯಲ್ಲಿ ಸರಿಮಾಡಿಕೊಳ್ಳಬೇಕು. ಈ ಮೂರರಲ್ಲಿ ಅದು ಮೆಟಲ್ ಝೋನ್‌ನಿಂದ ಮಾತ್ರ ಆಗುತ್ತದೆ.

ಹಾಂ, ಮೂರಕ್ಕೂ ಒಂದು ಮಾತು: ಪೆಡಲ್‌ಗೆ ಗಿಟಾರ್ ಕೇಬಲ್ ಚುಚ್ಚಿಟ್ಟೇ ಮಲಗಿದರೆ 9 ವೋಲ್ಟ್ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ.

ಮೆಟಲ್ ಝೋನ್‌ನ ಒಂದೇ ತೊಂದರೆ, ರಶ್‌ನಲ್ಲಿ ಬ್ಯಾಗಿನೊಳಗೆ ಮಿಡ್ ಗುಂಡಿ ತಾನೇ ತಿರುಗಿಬಿಡುತ್ತದೆ. ಅದಕ್ಕೇ ಹೆಂಡತಿಯ ನೇಲ್ ಪಾಲಿಶ್‌ನಿಂದ ಒಂದು ಕೆಂಪು ಚುಕ್ಕೆ ಇಟ್ಟುಕೊಂಡಿದ್ದೇನೆ.