ಚಿಪ್ ತಯಾರಿಕೆಯ ಇಂಗ್ಲಿಷ್ ಜರ್ಮನ್‌ಗೆ: ಡೀಪ್‌ಎಲ್, ನಿಘಂಟು, ಪೇಟೆಂಟ್ – ಯಾವುದನ್ನು ಎಲ್ಲಿಯವರೆಗೆ ನಂಬಬಹುದು?

ಶಿರಸಿ, ಕಾರವಾರದಲ್ಲಿ ಕೂತು ಜರ್ಮನಿಯ ಗ್ರಾಹಕರಿಗೆ ಸೆಮಿಕಂಡಕ್ಟರ್ ಕೈಪಿಡಿ ಅನುವಾದಿಸುವವರ ಮುಂದೆ ಇರುವ ದಾರಿ ಮುಖ್ಯವಾಗಿ ಮೂರು: ಡೀಪ್‌ಎಲ್‌ನಂಥ ಯಂತ್ರಾನುವಾದ, ಆನ್‌ಲೈನ್ ನಿಘಂಟು, ಯುರೋಪಿಯನ್ ಪೇಟೆಂಟ್ ದಾಖಲೆ. ಮೂರನ್ನೂ ಒಂದೇ ಪಠ್ಯದ ಮೇಲೆ ಹಾಕಿ ನೋಡಿದಾಗ ನಮಗೆ ಕಂಡದ್ದು ಇಷ್ಟು: ವಾಕ್ಯಕ್ಕೆ ಡೀಪ್‌ಎಲ್, ಪದಕ್ಕೆ ಪೇಟೆಂಟ್, ನಿಘಂಟು ಸುಳಿವಿಗೆ ಮಾತ್ರ.

ಪೂರ್ತಿ ವಾಕ್ಯ ಕೊಟ್ಟರೆ ಡೀಪ್‌ಎಲ್ ಬಹಳ ಸಲ ಸರಿಯಾದ ಪದವನ್ನೇ ಹಿಡಿಯುತ್ತದೆ. ಎಡವುವುದು ಕೋಷ್ಟಕದಲ್ಲಿ, ಮೆನುವಿನಲ್ಲಿ, ಒಂಟಿ ಪದ ಇರುವ ಕಡೆ. 'ವೆಲ್' ಅಂತ ಒಂದೇ ಪದ ಇದ್ದರೆ ಅದು 'ಬ್ರುನ್ನೆನ್', ಅಂದರೆ ನೀರಿನ ಬಾವಿ ಆಗಿಬಿಡಬಹುದು. ಟ್ರಾನ್ಸಿಸ್ಟರಿನ ವೆಲ್‌ಗೆ ಜರ್ಮನ್ ಇಂಜಿನಿಯರ್ ಹೇಳುವುದು 'ವಾನೆ'. 'ಯೀಲ್ಡ್' (ತಯಾರಾದ ಚಿಪ್‌ಗಳಲ್ಲಿ ಸರಿಯಾಗಿರುವವುಗಳ ಪಾಲು) ಇಲ್ಲಿ 'ಔಸ್‌ಬೊಯ್ಟೆ', 'ಎರ್‌ಟ್ರಾಗ್' ಅಲ್ಲ. 'ಟೂಲ್' ಅಂದರೆ ಚಿಪ್ ಕಾರ್ಖಾನೆಯಾದ ಫ್ಯಾಬ್‌ನಲ್ಲಿ ಇಡೀ ಯಂತ್ರ, ಹಾಗಾಗಿ 'ಆನ್‌ಲಾಗೆ'. 'ವೆರ್ಕ್‌ತ್ಸೊಯ್ಗ್' ಅಂತ ಬರೆದರೆ ಓದುವವನ ಕಣ್ಣಿಗೆ ಸ್ಪ್ಯಾನರ್ ಬರುತ್ತದೆ. 'ಪ್ಯಾಕೇಜಿಂಗ್' ಇನ್ನೂ ಅಪಾಯ: 'ಫೆರ್‌ಪಾಕುಂಗ್' ರಟ್ಟಿನ ಪೆಟ್ಟಿಗೆಗೆ ಸರಿ, ಚಿಪ್‌ನ ಪ್ಯಾಕೇಜಿಂಗ್ ತಂತ್ರಕ್ಕೆ 'ಔಫ್‌ಬೌ ಉಂಟ್ ಫೆರ್‌ಬಿಂಡುಂಗ್ಸ್‌ಟೆಕ್ನಿಕ್' ಬೇಕು, ಪ್ಯಾಕೇಜ್ ಎಂಬ ವಸ್ತುವಿಗೆ 'ಗೆಹೊಯ್ಸೆ'. ಇದಕ್ಕೆ ಮದ್ದು ಸುಲಭ. ಕೋಷ್ಟಕದ ತಲೆಬರಹ ಸೇರಿಸಿ ಪೂರ್ತಿ ವಾಕ್ಯ ಮಾಡಿ ಕೊಡಿ, ಅಥವಾ ಡೀಪ್‌ಎಲ್‌ನ ಗ್ಲಾಸರಿಯಲ್ಲಿ (ಪದಪಟ್ಟಿಯಲ್ಲಿ) ಪದವನ್ನು ಮೊದಲೇ ಕಟ್ಟಿಹಾಕಿ. ಗ್ರಾಹಕರ ಜೊತೆ ಗೌಪ್ಯತೆಯ ಒಪ್ಪಂದ ಇದ್ದರೆ ಉಚಿತ ಆವೃತ್ತಿಗೆ ಪಠ್ಯ ಹಾಕಲೇಬೇಡಿ. ಅಲ್ಲಿ ಹಾಕಿದ್ದು ಅವರ ತರಬೇತಿಗೆ ಹೋಗಬಹುದು.

ಯಂತ್ರಾನುವಾದದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು 'ಡೈ'. ವೇಫರ್ ಎಂಬ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ತುಂಡಿಗೆ ಇಂಗ್ಲಿಷಿನಲ್ಲಿ ಬರೆಯುವ ಆ ಮೂರೇ ಅಕ್ಷರ ಜರ್ಮನ್‌ನಲ್ಲಿ 'ಡೀ' ಎಂಬ ಆರ್ಟಿಕಲ್. ಎಲ್ಲೋ ಒಂದು ಕಡೆ ಅನುವಾದವಾಗದೆ ಉಳಿದರೂ ಸ್ಪೆಲ್‌ಚೆಕ್ ಕೆಂಪು ಗೆರೆ ಎಳೆಯುವುದಿಲ್ಲ, ಹುಡುಕಿದರೆ ಸಾವಿರಾರು ಆರ್ಟಿಕಲ್ ಎದ್ದು ಬರುತ್ತವೆ. ಗ್ರಾಹಕರು ಬೇರೆ ಹೇಳದಿದ್ದರೆ ಉದ್ದಕ್ಕೂ 'ಚಿಪ್' ಅಂತಲೇ ಇಡುವುದು ಕ್ಷೇಮ, ಡೈ ಬಾಂಡಿಂಗ್‌ಗೆ 'ಚಿಪ್‌ಬಾಂಡೆನ್'.

ಲಿಯೋ, ಡಿಕ್ಟ್ ಸಿಸಿ ಎಂಬ ಆನ್‌ಲೈನ್ ನಿಘಂಟುಗಳು ವೇಗಕ್ಕೆ ಒಳ್ಳೆಯವು. ತೊಂದರೆ ಅಂದರೆ ಒಂದು ಪದಕ್ಕೆ ನಾಲ್ಕೈದು ಜರ್ಮನ್ ಪದ ಕೊಟ್ಟು ಆರಿಸುವುದನ್ನು ನಮಗೇ ಬಿಡುತ್ತವೆ. 'ಅನೀಲಿಂಗ್' ನೋಡಿ. ಅಯಾನ್ ಇಂಪ್ಲಾಂಟೇಶನ್‌ನಲ್ಲಿ (ಅಯಾನುಗಳನ್ನು ಸಿಲಿಕಾನ್ ಒಳಗೆ ನುಗ್ಗಿಸುವಾಗ) ಹಾಳಾದ ಹರಳಿನ ಜೋಡಣೆಯನ್ನು ಬಿಸಿಯಿಂದ ಸರಿಪಡಿಸುವುದಾದರೆ 'ಔಸ್‌ಹೈಲೆನ್'. ಸುಮ್ಮನೆ ಕುಲುಮೆಯಲ್ಲಿಟ್ಟು ಬಿಸಿ ಕೊಡುವ ಹಂತವಾದರೆ 'ಟೆಂಪರ್ನ್'. 'ಗ್ಲೂಯೆನ್' ಉಕ್ಕಿನವರ ಮಾತು, ಇಲ್ಲಿ ಹೊಂದುವುದಿಲ್ಲ. ಶಿರಸಿ ಯಾರ್ಡಿನಲ್ಲಿ ಬರೀ 'ಅಡಿಕೆ' ಅಂದರೆ ಯಾರೂ ದರ ಹೇಳುವುದಿಲ್ಲ, ಚಾಲಿಯೋ ರಾಶಿಯೋ ಬೆಟ್ಟೆಯೋ ಅಂತ ಕೇಳುತ್ತಾರೆ, ಇದೂ ಹಾಗೇ. ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ ಎಲೆಕ್ಟ್ರೋಪೀಡಿಯಾ ಎಂಬ ಆನ್‌ಲೈನ್ ಪದಕೋಶದ 521ನೇ ಭಾಗ ಸೆಮಿಕಂಡಕ್ಟರ್ ಸಾಧನಗಳದ್ದು, ಉಚಿತ. ಪಿಎನ್ ಜಂಕ್ಷನ್‌ನಂಥ ಸಾಧನದ ಪದಗಳಿಗೆ ಕಣ್ಣುಮುಚ್ಚಿ ನಂಬಬಹುದು, ಕಾರ್ಖಾನೆಯ ಕೆಲಸದ ಪದಗಳಿಗೆ ಅಷ್ಟಾಗಿ ಒದಗದು.

ಇನ್ನು ಪೇಟೆಂಟ್. ಮಂಜೂರಾದ ಯುರೋಪಿಯನ್ ಪೇಟೆಂಟಿನ ಕ್ಲೇಮುಗಳು (ಹಕ್ಕು ಯಾವುದರ ಮೇಲೆ ಎಂದು ಹೇಳುವ, ಸಂಖ್ಯೆ ಹಾಕಿದ ವಾಕ್ಯಗಳು) ಇಂಗ್ಲಿಷ್, ಜರ್ಮನ್, ಫ್ರೆಂಚ್ ಮೂರರಲ್ಲೂ ಅಚ್ಚಾಗುತ್ತವೆ. ಯುರೋಪಿಯನ್ ಪೇಟೆಂಟ್ ಕಚೇರಿಯ ಹುಡುಕು ತಾಣ ಎಸ್ಪಾಸೆನೆಟ್‌ನಲ್ಲಿ ಎಚ್01ಎಲ್ 21 ವರ್ಗ (ಚಿಪ್ ತಯಾರಿಕೆಯ ವಿಧಾನಗಳನ್ನು ಬಹುಕಾಲ ಇದರಡಿ ಇಟ್ಟಿದ್ದಾರೆ), ಫೋಟೋರೆಸಿಸ್ಟ್ (ಬೆಳಕಿಗೆ ಪ್ರತಿಕ್ರಿಯಿಸುವ ಲೇಪ) ವಿಷಯಕ್ಕೆ ಜಿ03ಎಫ್ 7 ಹಾಕಿ, ನಿಮ್ಮ ಇಂಗ್ಲಿಷ್ ಪದ ಸೇರಿಸಿ, ಫಲಿತಾಂಶದಲ್ಲಿ ಬಿ1 (ಮಂಜೂರಾದ ಪೇಟೆಂಟ್) ಗುರುತಿನ ಇಪಿ (ಯುರೋಪಿಯನ್) ದಾಖಲೆ ತೆರೆಯಿರಿ. ಎ1 (ಮಂಜೂರಾಗುವ ಮೊದಲಿನ ಅರ್ಜಿ) ಬೇಡ, ಅದರಲ್ಲಿ ಕ್ಲೇಮು ಒಂದೇ ಭಾಷೆಯಲ್ಲಿರುತ್ತದೆ. ಮೂಲ ಪಿಡಿಎಫ್‌ನಲ್ಲಿ ವಿವರಣೆ ಮುಗಿದ ಮೇಲೆ 'ಪಾಟೆಂಟ್‌ಆನ್‌ಶ್ಪ್ರೂಖೆ' ಅಂತ ಜರ್ಮನ್ ಕ್ಲೇಮುಗಳ ತಲೆಬರಹ ಸಿಗುತ್ತದೆ. ಕ್ಲೇಮಿನ ಸಂಖ್ಯೆ ಎರಡೂ ಕಡೆ ಒಂದೇ, ಇಂಗ್ಲಿಷಿನ 7ನೆಯದರ ಪಕ್ಕ ಜರ್ಮನ್‌ನ 7ನೆಯದನ್ನು ಇಟ್ಟರೆ ಪದ ತಾನಾಗಿ ಹೊರಬರುತ್ತದೆ. ಒಂದೇ ದಾಖಲೆ ನೋಡಿ ನಿಲ್ಲಬೇಡಿ. ಬೇರೆ ಬೇರೆ ಕಂಪನಿಯ ಮೂರರಲ್ಲಿ ಒಂದೇ ಪದ ಬಂದರೆ ತೆಗೆದುಕೊಳ್ಳಿ, ಜರ್ಮನ್ ಕಂಪನಿಯದು ಒಂದಾದರೂ ಇರಲಿ.

ಪದ ತನ್ನಿ, ಶೈಲಿ ತರಬೇಡಿ. ಪೇಟೆಂಟಿನವರು ಹಕ್ಕು ಅಗಲವಾಗಲಿ ಅಂತ ವೇಫರ್‌ಗೆ 'ಹಾಲ್ಬ್‌ಲೈಟರ್‌ಶೈಬೆ', ಯಂತ್ರಕ್ಕೆ 'ಫೋರ್‌ರಿಷ್ಟುಂಗ್' ಬರೆಯುತ್ತಾರೆ. ಕೈಪಿಡಿಯಲ್ಲಿ ವೇಫರ್ ವೇಫರೇ. ಲಿಥೋಗ್ರಫಿಗಾದರೆ (ಬೆಳಕಿನಿಂದ ವೇಫರ್ ಮೇಲೆ ವಿನ್ಯಾಸ ಮೂಡಿಸುವ ಹಂತ) ಪೇಟೆಂಟಿಗಿಂತಲೂ ಚೆನ್ನಾಗಿರುವುದು ಉಲ್ಮ್‌ನ ಮೈಕ್ರೋಕೆಮಿಕಲ್ಸ್ ಕಂಪನಿ ಎರಡೂ ಭಾಷೆಯಲ್ಲಿ ಕೊಡುವ ತಾಂತ್ರಿಕ ಬರಹಗಳು. ಫೋಟೋರೆಸಿಸ್ಟ್ 'ಫೋಟೋಲಾಕ್' ಆಗಿ, ಎಕ್ಸ್‌ಪೋಶರ್ 'ಬೆಲಿಷ್ಟುಂಗ್' ಆಗಿ ಕೆಲಸದ ಭಾಷೆಯಲ್ಲೇ ಸಿಗುತ್ತವೆ.

ಸಿಕ್ಕ ಪದವನ್ನು ಒಮೆಗಾಟಿ ಎಂಬ, ಲ್ಯಾಪ್‌ಟಾಪಿನಲ್ಲೇ ಓಡುವ ಉಚಿತ ಅನುವಾದ ತಂತ್ರಾಂಶದ ಗ್ಲಾಸರಿ ಫೋಲ್ಡರಿನಲ್ಲಿ ಸಾದಾ ಟೆಕ್ಸ್ಟ್ ಫೈಲಾಗಿ ಇಡಿ: ಇಂಗ್ಲಿಷ್, ಟ್ಯಾಬ್, ಜರ್ಮನ್, ಟ್ಯಾಬ್, ಎಲ್ಲಿ ಸಿಕ್ಕಿತು ಎಂಬ ಟಿಪ್ಪಣಿ. ಯುಟಿಎಫ್-8ರಲ್ಲೇ ಉಳಿಸಿ, ಇಲ್ಲದಿದ್ದರೆ ಉಮ್ಲೌಟ್ ಅಕ್ಷರಗಳು (ä, ö, ü) ಕೆಡಬಹುದು. ಡೀಪ್‌ಎಲ್‌ನ ಗ್ಲಾಸರಿ ವಿಭಕ್ತಿಗೆ ತಕ್ಕಂತೆ ಪದವನ್ನು ಬಾಗಿಸುತ್ತದೆ, ಒಮೆಗಾಟಿ ಬಾಗಿಸುವುದಿಲ್ಲ, ಪಕ್ಕದಲ್ಲಿ ತೋರಿಸುತ್ತದೆ ಅಷ್ಟೆ. ಆದರೆ ನಮ್ಮ ಮಳೆಗಾಲದಲ್ಲಿ ನೆಟ್ ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ನಿಲ್ಲದು. ಘಟ್ಟದ ಮೇಲೆ ಇದೇ ದೊಡ್ಡ ಅನುಕೂಲ.

ಯಾವ ಆಕರ ಬಳಸಿದರೂ ಅಂಕಿಗಳನ್ನು ಕೈಯಾರೆ ನೋಡಲೇಬೇಕು. ಇಂಗ್ಲಿಷಿನ 1.5 ಮೈಕ್ರೋಮೀಟರ್ ಜರ್ಮನ್‌ನಲ್ಲಿ 1,5. 1,000 ಅಲ್ಲಿ 1.000. ಚುಕ್ಕೆ ಹಾಗೇ ಉಳಿದರೆ 1.250 ಎಂಬ ದಪ್ಪ ಸಾವಿರ ಪಟ್ಟು ಆಗುತ್ತದೆ. ಇಂಗ್ಲಿಷಿನ ಬಿಲಿಯನ್, ಅಂದರೆ ನೂರು ಕೋಟಿ, ಜರ್ಮನ್‌ನ 'ಮಿಲಿಯಾರ್ಡೆ'. ಅವರ 'ಬಿಲಿಯೋನ್' ಲಕ್ಷ ಕೋಟಿ. ಸಿಲಿಕಾನ್ 'ಜಿಲೀಟ್ಸಿಯುಮ್', 'ಜಿಲಿಕೋನ್' ಅಂದರೆ ಸೀಲ್ ಮಾಡುವ ಅಂಟು. '300-ಎಂಎಂ-ವೇಫರ್' ಬರೆಯುವಾಗ ಎರಡು ಹೈಫನ್ನೂ ಬೇಕು.

ಮೂರೂ ಕಡೆ ಸಿಗದ ಪದವನ್ನು ಊಹಿಸಿ ಬರೆಯಬೇಡಿ, ಗ್ರಾಹಕರನ್ನೇ ಕೇಳಿ. ಇಂಗ್ಲಿಷ್ ವಾಕ್ಯ, ಪುಟಸಂಖ್ಯೆ, ನಿಮಗೆ ಸರಿ ಕಂಡ ಎರಡು ಪದ ಒಂದೇ ಸಾಲಿನಲ್ಲಿ ಇರಲಿ. ಜರ್ಮನಿಯಲ್ಲಿ ಬೆಳಗಿನ 8 ಗಂಟೆ ಅಂದರೆ ಇಲ್ಲಿ ಚಳಿಗಾಲದಲ್ಲಿ 12:30, ಬೇಸಿಗೆಯಲ್ಲಿ 11:30. ಪಟ್ಟಿಯನ್ನು ಅದಕ್ಕೂ ಮೊದಲೇ ಕಳಿಸಿಟ್ಟರೆ ಅದೇ ದಿನ ಉತ್ತರ ಬರುವ ಸಾಧ್ಯತೆ ಹೆಚ್ಚು.